ನವೋದಯದ ಹಾಸ್ಟೆಲ್‌ನಲ್ಲಿ ಪಾಳಿ ಕೆಲಸ, ಕ್ಯಾಪ್ಟನ್ ಕಾಟ ಇರುತ್ತಾ ಅಂತ ಕೇಳಿದವರಿಗೆ

ಮೇಡಂ, ಮಗಳಿಗೆ ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದಲ್ಲಿ ಆರನೇ ಕ್ಲಾಸಿಗೆ ಸೀಟು ಸಿಕ್ಕಿದೆ, ಆದರೆ ಅಲ್ಲಿ ಮಕ್ಕಳ ಕೈಲೇ ಕಸ ಗುಡಿಸಿಸುತ್ತಾರಂತೆ, ಕ್ಯಾಪ್ಟನ್‌ಗಳ ದರ್ಬಾರು ಜಾಸ್ತಿಯಂತೆ, ಕಳಿಸಲಾ ಬೇಡವಾ ಅಂತ ಕೇಳಿದ್ದೀರಿ. ಕಳಿಸಿ. ನಾನೂ ನವೋದಯದವನೇ.

ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ನಾಲ್ಕು ಹೌಸ್‌ಗಳಿಗೆ ಹಂಚುತ್ತಾರೆ. ಹೌಸ್ ನೋಡಿಕೊಳ್ಳಲು ಒಬ್ಬರು ಟೀಚರ್, ಮಕ್ಕಳಲ್ಲೇ ಒಬ್ಬರು ಕ್ಯಾಪ್ಟನ್. ಡಾರ್ಮಿಟರಿ ಗುಡಿಸುವುದು, ತನ್ನ ತಟ್ಟೆ ತಾನೇ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲ ಇದ್ದದ್ದೇ; ಮೊದಲ ತಿಂಗಳು ಸೋಪು ಅರ್ಧಕ್ಕರ್ಧ ಬಕೆಟ್‌ನಲ್ಲೇ ಕರಗಿಹೋಗುತ್ತದೆ, ಆಮೇಲೆ ಕೈ ಪಳಗುತ್ತದೆ. ನಿಜವಾದ ಜಗಳ ಮೆಸ್‌ನಲ್ಲಿ. ಬಡಿಸುವ ಪಾಳಿ ಯಾರದೋ, ಪಾಯಸದ ಗೋಡಂಬಿಯೆಲ್ಲ ಅವರ ಗೆಳೆಯರ ತಟ್ಟೆಗೇ ಬೀಳುತ್ತದೆ ಅನ್ನುವ ದೂರು ನಮ್ಮ ಕಾಲದಲ್ಲಿ ತಪ್ಪಿದ್ದೇ ಇಲ್ಲ. ಅದನ್ನು ಬಗೆಹರಿಸುತ್ತಿದ್ದವರೂ ಮೆಸ್ ಕಮಿಟಿಯ ಮಕ್ಕಳೇ!

ಆದರೆ ಸೀನಿಯರ್ ಯಾರಾದರೂ ತಮ್ಮ ಬಟ್ಟೆ ಒಗೆಸಿದರೆ, ಕೈ ಮಾಡಿದರೆ ಸುಮ್ನಿರಬೇಡಿ. ನೇರವಾಗಿ ಹೌಸ್ ಮಿಸ್‌ಗೆ ಹೇಳಿ, ಕೇಳದಿದ್ದರೆ ಪ್ರಿನ್ಸಿಪಾಲ್ ಹತ್ತಿರ ಹೋಗಿ.

ಒಂಬತ್ತನೇ ಕ್ಲಾಸಲ್ಲಿ ಕೆಲವರನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಗೊತ್ತಲ್ವಾ? ಅಷ್ಟು ದೂರದಲ್ಲೂ ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕು; ಅದಕ್ಕೇ ಈ ರಜೆಯಲ್ಲೇ ಬಟ್ಟೆ ಒಗೆಯುವುದು, ಜಡೆ ಹೆಣೆದುಕೊಳ್ಳುವುದು ಕಲಿಸಿಬಿಡಿ.