‘ಮಾರೋದಿಲ್ಲ ಮೇಡಂ, ತಂದು ಕೊಡ್ತೀನಿ ಅಷ್ಟೇ’

ಹುಡುಗನಿಗೆ 21 ವರ್ಷ. ಬೆಂಗಳೂರಿನ ಪಿಜಿಯಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾನೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದವನು ಎರಡನೇ ಭೇಟಿಯಲ್ಲಿ ಗಾಂಜಾ ವಿಷಯ ತೆಗೆದ. ಎರಡು ವರ್ಷದಿಂದ ಸೇದುತ್ತಿದ್ದಾನೆ, ಈಗೀಗ ದಿನಾ.

ಐದು ಜನರ ಗ್ಯಾಂಗು. ಬೈಕ್ ಇರೋದು ಇವನೊಬ್ಬನ ಹತ್ತಿರ. ಹಾಗಾಗಿ ‘ಸೊಪ್ಪು’ ತರುವ ಕೆಲಸ ಇವನ ತಲೆಗೆ ಬಂತು. ಒಂದು ರೂಪಾಯಿ ಲಾಭ ಇಟ್ಟುಕೊಂಡಿಲ್ಲ ಅಂತ ಮೂರು ಸಲ ಹೇಳಿದ.

ಯುಪಿಐ ಪಟ್ಟಿ ತೆಗೆದು ನೀವೇ ಒಮ್ಮೆ ನೋಡಿ, ನನಗೆ ತೋರಿಸಬೇಡಿ ಅಂದೆ. ಅವನೇ ಫೋನ್ ನನ್ನ ಕಡೆ ತಿರುಗಿಸಿದ. ಗೆಳೆಯರು ಹಾಕಿದ ದುಡ್ಡು: 300, 500, ಮತ್ತೆ 300. ಪಕ್ಕದಲ್ಲಿ ‘ಪರೋಟ’, ‘ಪೆಟ್ರೋಲ್’, ಒಂದರಲ್ಲಿ ‘ಹ್ಯಾಪಿ ಬರ್ತ್‌ಡೇ’. ಬೆರಳು ಸರಿಸುತ್ತಲೇ ಹೋದ, ಪಟ್ಟಿ ಮುಗಿಯಲಿಲ್ಲ.

ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಲಾಭ ಎಷ್ಟು ಅಂತ ಕೇಳುವುದಿಲ್ಲ. ಕೊಳ್ಳುವುದು, ಇಟ್ಟುಕೊಳ್ಳುವುದು, ಸಾಗಿಸುವುದು ಎಲ್ಲವೂ ಅಪರಾಧವೇ. ಒಂದು ಕಿಲೋ ಒಳಗಿನ ಗಾಂಜಾಕ್ಕೂ ಒಂದು ವರ್ಷದ ತನಕ ಜೈಲಾಗಬಹುದು. ತಾನಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಗೆ ಸಣ್ಣ ಪ್ರಮಾಣದ ಕೇಸುಗಳಲ್ಲಿ 64ಎ ಸೆಕ್ಷನ್ ರಕ್ಷಣೆ ಕೊಡುತ್ತೆ. ಇಷ್ಟು ಹೇಳಿ ಬಿಟ್ಟೆ. ಹೆದರಿಸಿ ಬಿಡಿಸಿದ್ದು ಜಾಸ್ತಿ ದಿನ ನಿಲ್ಲಲ್ಲ.

ಆಮೇಲೆ ಅವನೇ ಅಂದ: “ಫಸ್ಟ್ ಇಯರ್‌ನಲ್ಲಿ ಯಾರೂ ಮಾತಾಡಿಸ್ತಿರಲಿಲ್ಲ. ಈಗ ಸಂಜೆ ಆದ್ರೆ ‘ಮಗಾ ಎಲ್ಲಿದ್ಯಾ’ ಅಂತ ಎಲ್ಲರೂ ಫೋನ್ ಮಾಡ್ತಾರೆ.”

ಸೇದೋದಕ್ಕಿಂತ ಆ ಫೋನ್ ಬಿಡೋದು ಇವನಿಗೆ ಕಷ್ಟ, ಅಲ್ವಾ? ಅದಕ್ಕೇ, ಮೊದಲು ತರೋದನ್ನು ನಿಲ್ಲಿಸಿ ಅಂದೆ. ಗುಂಪಿನ ಮುಂದೆ ಹೇಳಬೇಡಿ. ಅವರು ನಗ್ತಾರೆ, ನೀವೂ ನಕ್ಕು ಬೈಕ್ ಕೀ ತಗೋತೀರಿ. ಒಬ್ಬನಿಗೆ ಮಾತ್ರ ಹೇಳಿ. ಯಾರಿಗೆ ಅಂತ ಯೋಚಿಸಬೇಕಾಗಲಿಲ್ಲ. ಹೈಸ್ಕೂಲಿನ ಗೆಳೆಯ, ಅವನೂ ಸಾಕಪ್ಪಾ ಅನ್ನುತ್ತಿದ್ದಾನಂತೆ.

ಸೇದೋದು ಬಿಟ್ಟ ಮೊದಲ ವಾರ ಸಿಡಿಮಿಡಿ ಇರುತ್ತೆ, ಊಟ ಸೇರಲ್ಲ, ನಿದ್ದೆ ಇನ್ನೂ ಕೆಡುತ್ತೆ. ಸಾಮಾನ್ಯವಾಗಿ ಎರಡು ವಾರದಲ್ಲಿ ತಗ್ಗುತ್ತೆ. ಆ ದಿನಗಳಲ್ಲಿ ಊರಿಗೆ ಹೋಗಿ, ಅಮ್ಮನ ಅಡುಗೆ ಸೇರದಿದ್ದರೂ ಪರವಾಗಿಲ್ಲ ಅಂದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೂ ಚೀಟಿ ಬರೆದುಕೊಟ್ಟೆ.

ಮೂರು ವಾರ ಆದಮೇಲೆ ಬಂದ. ತರೋದು ನಿಂತಿದೆ. ಸೇದೋದು ಎರಡು ಸಲ ಆಗಿದೆ. ನಾಲ್ವರಲ್ಲಿ ಇಬ್ಬರು ಫೋನ್ ಮಾಡೋದೇ ಬಿಟ್ಟಿದ್ದಾರೆ.

“ಬೇಜಾರಾಯ್ತಾ?”

“ಆಯ್ತು ಮೇಡಂ.”

ಆ ದಿನ ಪೂರ್ತಿ ಅದರ ಬಗ್ಗೆಯೇ ಮಾತಾಡಿದೆವು.