ರೂಟರ್‌ಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪಿಗೆ ಕಾಣುತ್ತಿಲ್ಲವೇ?

ಪ್ರಶ್ನೆ: ಮನೆಯ ವೈಫೈ ರೂಟರ್‌ನ ಹಿಂದಿರುವ ಯುಎಸ್‌ಬಿ ಪೋರ್ಟ್‌ಗೆ 1 ಟಿಬಿ ಹಾರ್ಡ್ ಡಿಸ್ಕ್ ಹಾಕಿ, ಮದುವೆ ಫೋಟೋಗಳನ್ನೆಲ್ಲ ಅದರಲ್ಲಿಟ್ಟಿದ್ದೇವೆ. ಅಪ್ಪನ ವಿಂಡೋಸ್ 7 ಕಂಪ್ಯೂಟರಿನಲ್ಲಿ ತೆರೆಯುತ್ತದೆ. ನನ್ನ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಮಾತ್ರ ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಎಂಬ ಎರರ್. ಡಿಸ್ಕ್ ಹಾಳಾಗಿದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಹಾಳಾಗಿದ್ದರೆ ತಂದೆಯವರ ಕಂಪ್ಯೂಟರಿನಲ್ಲೂ ತೆರೆಯುತ್ತಿರಲಿಲ್ಲ. ತೊಂದರೆ ಭಾಷೆಯದು. ಹಳೆಯ ರೂಟರ್‌ಗಳು ಫೈಲ್ ಹಂಚಲು ಎಸ್‌ಎಂಬಿ 1 ಎಂಬ ಪದ್ಧತಿಯನ್ನಷ್ಟೇ ಬಲ್ಲವು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದರಲ್ಲಿದ್ದ ದೋಷದ ಮೂಲಕವೇ. ಅದೇ ವರ್ಷದ ಅಕ್ಟೋಬರ್‌ನಿಂದ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಆನ್ ಇರುವುದಿಲ್ಲ.

‘ವಿಂಡೋಸ್ ಫೀಚರ್ಸ್‌ನಲ್ಲಿ ಎಸ್‌ಎಂಬಿ 1ಕ್ಕೆ ಟಿಕ್ ಹಾಕಿ’ ಎಂಬ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ದಯವಿಟ್ಟು ಹಾಕಬೇಡಿ. ಫೋಟೋ ನೋಡುವ ಆಸೆಗೆ ಇಡೀ ಲ್ಯಾಪ್‌ಟಾಪನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ.

ಮೊದಲು ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು (ಸಾಮಾನ್ಯವಾಗಿ 192.168.0.1 ಅಥವಾ 192.168.1.1) ಫರ್ಮ್‌ವೇರ್ (ರೂಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಇದೆಯೇ ನೋಡಿ. ಕೆಲವು ಮಾಡೆಲ್‌ಗಳಿಗೆ ಅಪ್‌ಡೇಟ್‌ನಲ್ಲೇ ಇದರ ಹೊಸ ರೂಪವಾದ ಎಸ್‌ಎಂಬಿ 2 ಬಂದಿದೆ. ಯುಎಸ್‌ಬಿ ಶೇರಿಂಗ್ ವಿಭಾಗದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಇಡಿ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಪಾಸ್‌ವರ್ಡ್ ಇಲ್ಲದೆ ಹಂಚಿದ ಫೋಲ್ಡರಿಗೆ ತಾನಾಗಿ ಹೋಗುವುದೇ ಇಲ್ಲ. ಬಳಿಕ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜತೆ ಆರ್ ಒತ್ತಿ, \\192.168.1.1 ಎಂದು ನಿಮ್ಮ ರೂಟರ್‌ನ ವಿಳಾಸ ಟೈಪ್ ಮಾಡಿ. ‘ನೆಟ್‌ವರ್ಕ್’ ಪಟ್ಟಿಯಲ್ಲಿ ರೂಟರ್ ಕಾಣದಿದ್ದರೆ ಗಾಬರಿ ಬೇಡ. ಹೆಸರು ತೋರಿಸುವ ಹಳೆಯ ವ್ಯವಸ್ಥೆಯೂ ಎಸ್‌ಎಂಬಿ 1ರ ಜತೆಗೇ ಹೋಗಿದೆ. ವಿಳಾಸ ಕೊಟ್ಟರೆ ತೆರೆಯುತ್ತದೆ. ತೆರೆದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಆರಿಸಿದರೆ ದಿನವೂ ಟೈಪ್ ಮಾಡುವ ಕೆಲಸ ತಪ್ಪುತ್ತದೆ.

ಅಪ್‌ಡೇಟ್ ಸಿಗದಿದ್ದರೆ ಅದೇ ಪುಟದಲ್ಲಿ ಎಫ್‌ಟಿಪಿ (ಫೈಲ್ ಸಾಗಿಸುವ ಇನ್ನೊಂದು ಪದ್ಧತಿ) ಆನ್ ಮಾಡಿ, ಫೈಲ್‌ಜಿಲ್ಲಾದಂಥ ತಂತ್ರಾಂಶದಿಂದ ಒಳಹೋಗಿ. ‘ಇಂಟರ್‌ನೆಟ್‌ನಿಂದ ಪ್ರವೇಶ’ ಎಂಬ ಆಯ್ಕೆ ಆಫ್ ಇರಲೇಬೇಕು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹರಿಯುತ್ತದೆ, ಅದು ಮನೆಯೊಳಗಿನ ಬಳಕೆಗಷ್ಟೇ ಸರಿ.

ಪ್ರಶ್ನೆ: ದೊಡ್ಡ ವಿಡಿಯೊ ಕಾಪಿ ಮಾಡುವಾಗ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಕಾಣೆಯಾಗುತ್ತದೆ. ಕೆಲವು ಫೈಲ್‌ಗಳು ಕಾಪಿಯೇ ಆಗುವುದಿಲ್ಲ.
– ಓದುಗರೊಬ್ಬರು, ಧಾರವಾಡ

ಉತ್ತರ: ಇವು ಎರಡು ಬೇರೆ ತೊಂದರೆಗಳು. ಸದ್ದಿಗೆ ಮೊದಲು ಅನುಮಾನಿಸಬೇಕಾದದ್ದು ಕರೆಂಟ್ ಕೊರತೆಯನ್ನು. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಎರಡೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಇದಕ್ಕಿಂತ ಹೆಚ್ಚು ಎಳೆಯಬಹುದು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ. ಆದರೆ ಡಿಸ್ಕನ್ನು ನೇರ ಕಂಪ್ಯೂಟರಿಗೆ ಹಾಕಿದಾಗಲೂ ಅದೇ ಸದ್ದು ಬಂದರೆ ಡಿಸ್ಕ್ ಸಾಯುತ್ತಿದೆಯೆಂದೇ ತಿಳಿದು, ಅಂದೇ ಫೈಲ್‌ಗಳನ್ನು ಬೇರೆಡೆಗೆ ಸಾಗಿಸಿ.

ಕಾಪಿಯಾಗದ ಫೈಲ್‌ಗಳು 4 ಜಿಬಿಗಿಂತ ದೊಡ್ಡವೇ? ಹಾಗಿದ್ದರೆ ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ; ಅದರ ಮಿತಿಯೇ ಅಷ್ಟು. ಎನ್‌ಟಿಎಫ್‌ಎಸ್‌ಗೆ ಬದಲಿಸಿ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫಾರ್ಮ್ಯಾಟನ್ನು ಎಷ್ಟೋ ರೂಟರ್‌ಗಳು ಓದುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ, ಮೊದಲೇ ಪ್ರತಿ ತೆಗೆದಿಡಿ.

ಪ್ರಶ್ನೆ: ರೂಟರ್‌ಗೆ ಹಾಕಿದ ಡಿಸ್ಕ್‌ನಲ್ಲಿರುವುದನ್ನು ಐಫೋನ್‌ನಲ್ಲಿ ನೋಡಬಹುದೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ನೋಡಬಹುದು. ‘ಫೈಲ್ಸ್’ ಆ್ಯಪ್‌ನಲ್ಲಿ ಮೂರು ಚುಕ್ಕಿ ಒತ್ತಿ, ‘ಕನೆಕ್ಟ್ ಟು ಸರ್ವರ್’ ಆರಿಸಿ ರೂಟರ್ ವಿಳಾಸ ಕೊಡಿ. ಫೋನ್ ಅತಿಥಿಗಳಿಗೆಂದು ಬೇರೆ ಇಟ್ಟ ‘ಗೆಸ್ಟ್’ ವೈಫೈನಲ್ಲಿದ್ದರೆ ಸಿಗದು. ಮನೆಯ ಮುಖ್ಯ ವೈಫೈಗೆ ಬದಲಿಸಿಕೊಳ್ಳಿ.