ಗಾಡಿ ಗ್ಯಾರೇಜು: ಓದುಗರ ಪ್ರಶ್ನೆ

ಪ್ರಶ್ನೆ: ನನ್ನದು ರಾಜದೂತ್ 350. ಐಡಲಿಂಗ್‌ನಲ್ಲಿ ನಡುಗುತ್ತದೆ, ಸಣ್ಣ ರೇಸಿಗೆ ಜಗ್ಗುತ್ತದೆ, ವೇಗ ಹಿಡಿದರೆ ಸರಿಹೋಗುತ್ತದೆ. ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ಮುಳ್ಳಿನ ಮೀಟರ್) ಹಾಕಿಸಿ ಸಿಂಕ್ ಮಾಡಿಸಬೇಕೆ, ಅಂದರೆ ಎರಡೂ ಕಾರ್ಬೊರೇಟರ್ ಸಮನಾಗಿ ತೆರೆಯುವಂತೆ ಹೊಂದಿಸಬೇಕೆ?
– ಓದುಗರು, ಬೆಳಗಾವಿ

ಉತ್ತರ: ಗೇಜ್ ಬೇಡ. ರೀಡ್ ವಾಲ್ವ್ (ಒಳಬಂದ ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಪಟ್ಟಿ) ಇರುವ ಟೂ-ಸ್ಟ್ರೋಕಿನಲ್ಲಿ ಅದರ ಮುಳ್ಳು ಕುಣಿಯುವುದೇ ಹೆಚ್ಚು. ನೀವು ಹೇಳುವ ಲಕ್ಷಣ ಸ್ಲೈಡುಗಳ (ರೇಸ್ ಕೊಟ್ಟಾಗ ಮೇಲೇರಿ ಕಾರ್ಬೊರೇಟರಿನ ಬಾಯಿ ತೆರೆಯುವ ತುಂಡುಗಳ) ಏರುಪೇರಿನದು: ಬಾಯಿ ಸ್ವಲ್ಪವೇ ತೆರೆದಾಗ ಅರ್ಧ ಮಿ.ಮೀ. ವ್ಯತ್ಯಾಸವೂ ದೊಡ್ಡದು, ಪೂರ್ತಿ ತೆರೆದಾಗ ಲೆಕ್ಕಕ್ಕಿಲ್ಲ.

ಆದರೆ ಸಿಂಕ್ ಕೊನೆಯ ಕೆಲಸ. ಎರಡೂ ಕಡೆಯ ಪಾಯಿಂಟ್ ಗ್ಯಾಪ್ (ಕಿಡಿಯ ಸ್ವಿಚ್ಚಿನ ಸಂದು, 0.3ರಿಂದ 0.4 ಮಿ.ಮೀ.), ಪ್ಲಗ್, ಪೈಲಟ್ ಜೆಟ್ (ಐಡಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು), ಫ್ಲೋಟ್ ಮಟ್ಟ (ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಮಟ್ಟ) ಮೊದಲು ನೋಡಿ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಎಷ್ಟು ಸಿಂಕ್ ಮಾಡಿದರೂ ನಿಲ್ಲದು.

ಇನ್ನು ಸಿಂಕ್. ಏರ್ ಫಿಲ್ಟರ್ ಕಡೆಯ ರಬ್ಬರ್ ಬಿಚ್ಚಿ, ಸ್ಲೈಡನ್ನು ಎತ್ತಿ ಹಿಡಿಯುವ ಎರಡೂ ಸ್ಟಾಪ್ ಸ್ಕ್ರೂಗಳನ್ನು ಸ್ಲೈಡ್ ಕೆಳಗೆ ಕೂರುವವರೆಗೆ ಸಡಿಲಿಸಿ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್, ಸುಮಾರು 3 ಮಿ.ಮೀ., ಪ್ರತಿ ಸ್ಲೈಡಿನಡಿ ಒಂದೊಂದು ಇಡಿ. ರೇಸನ್ನು ನಿಧಾನ ತಿರುಗಿಸಿದರೆ ಎರಡೂ ಒಟ್ಟಿಗೇ ಸಡಿಲಾಗಬೇಕು. ಒಂದು ಮೊದಲೇ ಬಿದ್ದರೆ ಅದರ ಕೇಬಲ್ ಬಿಗಿ. ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ, ಲಾಕ್ ನಟ್ ಬಿಗಿ ಮಾಡಿ, ಮತ್ತೆ ನೋಡಿ. ಬಿಟ್ ತೆಗೆದು, ಸ್ಟಾಪ್ ಸ್ಕ್ರೂಗಳನ್ನು ಸ್ಲೈಡಿಗೆ ಮುಟ್ಟಿಸಿ, ಅಲ್ಲಿಂದ ಎರಡನ್ನೂ ಸಮನಾಗಿ ತಿರುಗಿಸಿ ಐಡಲಿಂಗ್ ಮಾಡಿ. ಏರ್ ಸ್ಕ್ರೂ ಪೂರ್ತಿ ಒಳಕ್ಕೆ ಕೂರಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗಿಟ್ಟು ಶುರು ಮಾಡಿ. ಹೊರಕ್ಕೆ ಬಂದಷ್ಟೂ ಗಾಳಿ ಹೆಚ್ಚು.

ಬಿಸಿ ಎಂಜಿನ್‌ನಲ್ಲಿ ಎರಡೂ ಸೈಲೆನ್ಸರ್ ಹಿಂದೆ ಅಂಗೈ ಹಿಡಿದರೆ ಹೊಡೆತ ಸಮನಾಗಿ ಸಿಗಬೇಕು. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಐಡಲಿಂಗ್ ಏರಿದರೆ ಕೇಬಲ್ ಎಲ್ಲೋ ಬಿಗಿಯಿದೆ.

ಅನೇಕರು ಮರೆಯುವುದು ಆಯಿಲ್ ಪಂಪಿನ ಕೇಬಲ್! ಅದೂ ಅದೇ ರೇಸಿನಿಂದ ಎಳೆಯುವುದರಿಂದ ಸಿಂಕ್ ಆದಮೇಲೆ ಪುಲಿಯ ಗುರುತು ಮತ್ತೆ ಹೊಂದಿಸಲೇಬೇಕು. ಬಿಟ್ಟರೆ ಚೋರ್ಲಾ ಘಾಟ್ ಏರುವಾಗ ಆಯಿಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳಬಹುದು.

ಪ್ರಶ್ನೆ: ನಮ್ಮ ಯೆಜ್ಡಿ ರೋಡ್‌ಕಿಂಗ್‌ಗೆ ಎರಡು ಸೈಲೆನ್ಸರ್. ಒಂದರಲ್ಲೇ ಹೊಗೆ ಜಾಸ್ತಿ. ಸಿಂಕ್ ಬೇಕೆ?
– ಓದುಗರು, ವಿಜಯಪುರ

ಉತ್ತರ: ಸೈಲೆನ್ಸರ್ ಎರಡಾದರೂ ಮೈಸೂರಿನಲ್ಲಿ ತಯಾರಾದ ಆ ಗಾಡಿಗೆ ಸಿಲಿಂಡರ್ ಒಂದೇ, ಕಾರ್ಬೊರೇಟರೂ ಒಂದೇ. ಸಿಂಕ್ ಮಾಡಲು ಏನೂ ಇಲ್ಲ. ಹೊಗೆ ಕಡಿಮೆ ಇರುವ ಕಡೆಯ ಬ್ಯಾಫಲ್ (ಸೈಲೆನ್ಸರ್ ಒಳಗಿನ ಸದ್ದು ತಗ್ಗಿಸುವ ಕೊಳವೆ) ಬಿಚ್ಚಿ ನೋಡಿ. ಅಲ್ಲಿ ಮಸಿ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.